ದೂರದ ಕಚೇರಿಗೊಂದು ಸರ್ವರ್

ಇವತ್ತು ದೂರದ ಶಾಖೆಯೊಂದಕ್ಕೆ ಡಿಸ್ಟ್ರಿಬ್ಯೂಷನ್ ಪಾಯಿಂಟ್ ಸಿದ್ಧ ಮಾಡಿದೆ, ಅಂದರೆ ಅಪ್‌ಡೇಟ್‌ಗಳನ್ನು ಅಲ್ಲೇ ಇಟ್ಟುಕೊಂಡು ಅಲ್ಲಿನ ಕಂಪ್ಯೂಟರ್‌ಗಳಿಗೆ ಹಂಚುವ ಸರ್ವರ್. ಕಚೇರಿಯ ಕಂಪ್ಯೂಟರ್‌ಗಳನ್ನೆಲ್ಲ ಒಂದೇ ಕಡೆಯಿಂದ ನೋಡಿಕೊಳ್ಳುವ ಮೈಕ್ರೋಸಾಫ್ಟ್ ಕಾನ್ಫಿಗರೇಷನ್ ಮ್ಯಾನೇಜರ್ ಬಳಸುವವರಿಗೆ ಇದರ ಮಹತ್ವ ಗೊತ್ತು. 4 ಜಿಬಿ ಅಪ್‌ಡೇಟ್, 200 ಕಂಪ್ಯೂಟರ್, ನಡುವೆ 10 ಎಂಬಿಪಿಎಸ್ ಲೈನ್. ಪ್ರತಿಯೊಂದೂ ಮುಖ್ಯ ಕಚೇರಿಯಿಂದಲೇ ಎಳೆದುಕೊಂಡರೆ, ಲೈನ್ ಪೂರ್ತಿ ಬಿಟ್ಟುಕೊಟ್ಟರೂ ಏಳು ದಿನ ದಾಟುತ್ತೆ. ಅಲ್ಲೇ ಒಂದು ಸರ್ವರ್ ಇದ್ದರೆ ಆ 4 ಜಿಬಿ ಒಂದೇ ಸಲ ಲೈನ್ ದಾಟಿದರೆ ಸಾಕು, ಹೆಚ್ಚುಕಮ್ಮಿ ಒಂದು ಗಂಟೆ.

ಇದನ್ನೆಲ್ಲ ನಿಯಂತ್ರಿಸುವ ಸೈಟ್ ಸರ್ವರ್‌ನ ಕಂಪ್ಯೂಟರ್ ಅಕೌಂಟನ್ನು ಹೊಸ ಸರ್ವರ್‌ನ ಅಡ್ಮಿನಿಸ್ಟ್ರೇಟರ್ಸ್ ಗುಂಪಿಗೆ ಸೇರಿಸಿದೆ, ಫೈಲ್‌ಗಳು ಹೋಗಲು ಫೈರ್‌ವಾಲ್‌ನಲ್ಲಿ 445ನೇ ಪೋರ್ಟ್ ತೆರೆಸಿದೆ. ಕಂಟೆಂಟ್ ಎಲ್ಲ ಸಿ ಡ್ರೈವ್‌ಗೆ ಬಂದು ಬೀಳದಿರಲಿ ಅಂತ ‘ನೋ ಎಸ್‌ಎಂಎಸ್ ಆನ್ ಡ್ರೈವ್’ ಎಂಬ ಖಾಲಿ ಫೈಲನ್ನೂ ಅಲ್ಲಿಟ್ಟೆ. ಕಾನ್ಫಿಗರೇಷನ್ ಮ್ಯಾನೇಜರ್‌ನ ಹಳೆಯ ರೂಪ, 1994ರಲ್ಲಿ ಬಂದ ಸಿಸ್ಟಮ್ಸ್ ಮ್ಯಾನೇಜ್‌ಮೆಂಟ್ ಸರ್ವರ್‌ನ (ಎಸ್‌ಎಂಎಸ್) ಹೆಸರು ಈ ಪುಟ್ಟ ಫೈಲಿನಲ್ಲಿ ಇನ್ನೂ ಉಳಿದಿದೆ. ಅದನ್ನು ಟೈಪ್ ಮಾಡುವಾಗಲೆಲ್ಲ ನಮಗಿಂತ ಮುಂಚೆ ಈ ಕೆಲಸ ಮಾಡಿದವರ ನೆನಪಾಗುತ್ತೆ.

ಯಾವ ಕಂಪ್ಯೂಟರ್‌ಗಳು ಯಾವ ಸರ್ವರ್‌ನಿಂದ ತೆಗೆದುಕೊಳ್ಳಬೇಕು ಅಂತ ಹೇಳುವ ಬೌಂಡರಿ ಗ್ರೂಪನ್ನು ಮಾತ್ರ ಎರಡೆರಡು ಸಲ ನೋಡಿದೆ. ಅಲ್ಲಿ ಒಂದು ಸಬ್‌ನೆಟ್ (ನೆಟ್‌ವರ್ಕ್‌ನ ಒಂದು ಭಾಗ) ಬಿಟ್ಟುಹೋದರೆ, ಸರ್ವರ್ ಪಕ್ಕದ ಕೋಣೆಯಲ್ಲೇ ಇದ್ದರೂ ಆ ಕಂಪ್ಯೂಟರ್‌ಗಳ ಪಾಲಿಗೆ ಅದು ಇಲ್ಲದ ಹಾಗೆ. ಹಗಲು ಹೊತ್ತು ಲೈನ್ ಆ ಶಾಖೆಯವರ ಕೆಲಸಕ್ಕೆ ಬೇಕು. ಹಾಗಾಗಿ ಹಗಲಿಗೆ ವೇಗ ಕಡಿಮೆ, ರಾತ್ರಿಗೆ ಪೂರ್ತಿ ಅಂತ ರೇಟ್ ಲಿಮಿಟ್ ಹಾಕಿದೆ. ಅವರ್ಯಾರನ್ನೂ ನಾನು ನೋಡಿಲ್ಲ, ಆದರೂ ಅವರ ಕೆಲಸ ನಿಲ್ಲಬಾರದು ಅನ್ನೋದು ಮನಸ್ಸಿನಲ್ಲಿ ಇದ್ದೇ ಇರುತ್ತೆ.

ಕನ್ಸೋಲ್‌ನಲ್ಲಿ ಕಂಟೆಂಟ್ ತಲುಪಿತೋ ಇಲ್ಲವೋ ತೋರಿಸುವ ವೃತ್ತ ಇನ್ನೂ ಹಳದಿ. ಹಸಿರಾಗೋವರೆಗೆ ಕೂತಿರ್ತೀನಿ.