ಪಿನ್ ಕೂತ್ಕೊಂಡ್ರೆ ಸಾಕಾ?

‘ಪಿನ್ ಕೂತ್ಕೊಳ್ತಲ್ಲ ಮೇಡಂ, ಇನ್ನೇನು ನೋಡ್ತೀರಾ?’

ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿ ಹುಡುಗನ ಈ ಮಾತು ವಾರವೆಲ್ಲ ಕಿವಿಯಲ್ಲೇ ಇದೆ. ಮಗಳ ಹಳೇ ಕ್ಯಾಸಿಯೋ ಕೀಬೋರ್ಡಿನ ಅಡಾಪ್ಟರ್ ವೈರನ್ನು ಇಲಿ ಕಡಿದಿತ್ತು. ಕೀಬೋರ್ಡನ್ನೇ ಹೊತ್ತುಕೊಂಡು ಹೋಗಿದ್ದೆ. ಹುಡುಗ ರಾಶಿಯಿಂದ ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್ ಎಳೆದು ಚುಚ್ಚಲು ಬಂದೇಬಿಟ್ಟ. ಕೈ ಅಡ್ಡ ಹಿಡಿದೆ. ಅದು 12 ವೋಲ್ಟಿನದು. ಕೀಬೋರ್ಡಿಗೆ ಬೇಕಾದ್ದು 9.

ಪಿನ್ ಹಾಕುವ ತೂತಿನ ಪಕ್ಕದಲ್ಲೇ ಒಂದು ಪುಟ್ಟ ಚಿತ್ರವೂ ಇದೆ. ನಡುವೆ ಚುಕ್ಕಿ, ಸುತ್ತ ಒಂದು ಕಡೆ ತೆರೆದ ಉಂಗುರ. ಚುಕ್ಕಿಯಿಂದ ಹೊರಟ ಗೆರೆ ಮೈನಸ್ ಗುರುತಿಗೆ, ಉಂಗುರದ್ದು ಪ್ಲಸ್‌ಗೆ. ಈಗಿನ ರೂಟರ್, ಸೆಟ್‌ಟಾಪ್ ಬಾಕ್ಸ್‌ಗಳಲ್ಲಿ ಹೆಚ್ಚಾಗಿ ಇದರ ಉಲ್ಟಾ, ನಡುವೆ ಪ್ಲಸ್. ತಿರುಗುಮುರುಗಾದರೆ ಒಳಗಿನ ಬೋರ್ಡೇ ಹೋಗಬಹುದು. ಹುಡುಗನಿಗೆ ತೋರಿಸಿದೆ. ಅವನು ಚಿತ್ರ ನೋಡಲಿಲ್ಲ, ನನ್ನ ಮುಖ ನೋಡಿದ. ‘ಪಿನ್ ಕೂತ್ಕೊಳ್ತಲ್ಲ ಮೇಡಂ.’

ಪಾಪ, ಅವನನ್ನು ಬೈಯಲು ಮನಸ್ಸಿಲ್ಲ. ಹಿಂದೆ ಜನ ಕಾಯ್ತಿದ್ದರು. ನನಗೆ ಸಿಟ್ಟು ಬಂದಿದ್ದು ಗಲ್ಲಾ ಮೇಲೆ ಕೂತು ಎಲ್ಲ ಕೇಳಿಸಿಕೊಂಡೂ ಫೋನ್ ಉಜ್ಜುತ್ತಿದ್ದ ಮಾಲೀಕನ ಮೇಲೆ. ಅವನಿಗೆ ಗೊತ್ತಿಲ್ಲ ಅಂದರೆ ನಾನು ನಂಬೋದಿಲ್ಲ. ಮೆಡಿಕಲ್ ಶಾಪಿನಲ್ಲೂ ‘ಆ ಮಾತ್ರೆ ಇಲ್ಲ, ಇದೂ ಅದೇ’ ಅಂತಾರಲ್ವಾ? ನಾವೂ ತಲೆಯಾಡಿಸಿ ತರ್ತೀವಿ. ಚೀಟಿ ಓದಿ ಪ್ರಶ್ನೆ ಕೇಳಿದವರು ಕಿರಿಕಿರಿ ಗಿರಾಕಿ.

ಅದೇ ಬಿಲ್ಡಿಂಗಿನ ಮಹಡಿಯಲ್ಲಿ ರಿಪೇರಿ ಮಾಡುವ ಹಿರಿಯರೊಬ್ಬರಿದ್ದರು. ಮಾತಿಗೆ ಮೊದಲೇ ಕೀಬೋರ್ಡನ್ನು ಬೋರಲು ಹಾಕಿ ಕನ್ನಡಕ ಏರಿಸಿದರು. ಒಂದು ಅಡಾಪ್ಟರ್ ಹುಡುಕಿ, ವೋಲ್ಟ್ ಅಳೆಯುವ ಮಲ್ಟಿಮೀಟರಿನ ಕೆಂಪು ಕಡ್ಡಿಯನ್ನು ಪಿನ್ನಿನ ಒಳಗಿಟ್ಟರು, ಕಪ್ಪು ಕಡ್ಡಿಯನ್ನು ಹೊರಮೈಗೆ ತಾಗಿಸಿದರು. ಮೈನಸ್ 9.1 ಅಂತ ಬಂತು, ಅಂದರೆ ಪಿನ್ನಿನ ನಡುವೆ ಮೈನಸ್.

‘ಮೈನಸ್ ತೋರಿಸ್ತಲ್ಲಮ್ಮ, ನಿಮ್ದಕ್ಕೆ ಇದೇ ಸರಿ.’

ಕೀಬೋರ್ಡಿಗೆ ಬೇಕಿದ್ದಿದ್ದು 850 ಮಿಲಿಆಂಪ್, ಇದು 1 ಆಂಪ್. ಜಾಸ್ತಿ ಆಗಲ್ವಾ ಅಂದೆ. ‘ಆಂಪ್ಸ್ ಜಾಸ್ತಿ ಇದ್ರೆ ತೊಂದ್ರೆ ಇಲ್ಲ, ಬೇಕಾದಷ್ಟೇ ಎಳ್ಕೊಳ್ಳುತ್ತೆ. ಕಡಿಮೆ ಇದ್ರೆ ಅಡಾಪ್ಟರ್ ಬಿಸಿಯಾಗುತ್ತೆ. ವೋಲ್ಟ್ ಮಾತ್ರ ಅಷ್ಟೇ ಇರ್ಬೇಕು’ ಅಂದರು.

ಮನೆಗೆ ಬಂದು ಅಡಾಪ್ಟರಿನ ಮೇಲಿದ್ದ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನಂಬರನ್ನು, ಇಂಗ್ಲಿಷಿನ R ಅಕ್ಷರದಿಂದ ಶುರುವಾಗುವುದನ್ನು, ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಿದೆ. ಕಂಪನಿ ಹೆಸರು ತಾಳೆಯಾಯಿತು. ಗೋಡೆಯ 230 ವೋಲ್ಟ್ ಮಗಳ ಬೆರಳಿನ ತನಕ ಬಾರದಂತೆ ತಡೆಯುವುದು ಆ ಡಬ್ಬಿಯೊಳಗಿನ ಕೆಲಸ. ಅದನ್ನು ಯಾರು ಮಾಡಿದ್ದು ಅಂತಾದರೂ ಗೊತ್ತಿರಬೇಡವೇ?

‘ಒಂದು ಅಡಾಪ್ಟರಿಗೆ ಇಷ್ಟೆಲ್ಲಾ ರಾಮಾಯಣನಾ?’ ಅಂತ ಭಾವ ನಕ್ಕರು. ಕಾರಿಗೆ ಟೈರು ಕೊಳ್ಳುವಾಗ, ಅದು ಯಾವ ವಾರ ತಯಾರಾಗಿದ್ದು ಅಂತ ಬಗ್ಗಿ ಓದದೆ ದುಡ್ಡು ಬಿಚ್ಚದವರು ಇವರೇ.