ಅರಬ್ಬಿಯಾಟಾ ಪಾಸ್ತಾ: ಒಗ್ಗರಣೆಯ ಕಾವು ಬೇಡ

ಪೆನ್ನೆ ಅಂದರೆ ಸಣ್ಣ ಕೊಳವೆಯಂಥ ಪಾಸ್ತಾ. ಪೆನ್ನೆ ಅರಬ್ಬಿಯಾಟಾ ರೋಮ್ ಕಡೆಯ ಅಡುಗೆ. ಟೊಮೆಟೊ, ಬೆಳ್ಳುಳ್ಳಿ, ಒಣಮೆಣಸು, ಆಲಿವ್ ಎಣ್ಣೆ, ಉಪ್ಪು ಇದ್ದರೆ ಗೊಜ್ಜು ಆಯಿತು. ಈರುಳ್ಳಿ ಇಲ್ಲ, ಕ್ರೀಮ್ ಇಲ್ಲ. ಅರ್ಧ ಗಂಟೆ ಸಾಕು. ನಮ್ಮಲ್ಲಿ ಇದು ಕೆಡುವುದು ಮೊದಲ ಎರಡು ನಿಮಿಷದಲ್ಲಿ, ಎಣ್ಣೆ ಚೆನ್ನಾಗಿ ಕಾಯಿಸಿ ಚಟಪಟ ಅನ್ನಿಸುವ ಒಗ್ಗರಣೆಯ ರೂಢಿಯಿಂದ.

ಇಬ್ಬರಿಗೆ 200 ಗ್ರಾಂ ಪೆನ್ನೆ, ಅರ್ಧ ಕೆಜಿ ಟೊಮೆಟೊ. ಡ್ಯೂರಮ್ ಗೋಧಿ ರವೆಯ ಪಾಸ್ತಾವನ್ನೇ ಕೊಳ್ಳಿ, ಮೈದಾದ್ದು ಬೇಗ ಮುದ್ದೆಯಾಗುತ್ತದೆ. ಹಣ್ಣು ಒಳಗೂ ಕೆಂಪಾಗಿರಬೇಕು. ಅಡ್ಡ ಕೊಯ್ದು ತುರಿಯುವ ಮಣೆಗೆ ಉಜ್ಜಿದರೆ ತಿರುಳು ಇಳಿದು ಸಿಪ್ಪೆ ಕೈಯಲ್ಲೇ ಉಳಿಯುತ್ತದೆ. ಮಿಕ್ಸಿಗೆ ಹಾಕಬೇಡಿ, ಗಾಳಿ ಸೇರಿ ಬಣ್ಣ ಪೇಲವವಾಗುತ್ತದೆ.

ಮೆಣಸಿನ ವಿಷಯಕ್ಕೆ ಬಂದರೆ ಮಲೆನಾಡಿನವರು ಪುಣ್ಯವಂತರು. ಹಿತ್ತಲಿನ ಸೂಜಿಮೆಣಸು ಒಣಗಿಸಿಟ್ಟಿದ್ದರೆ ಐದಾರು ಸಾಕು. ಇಲ್ಲವಾದರೆ ಎರಡು ಗುಂಟೂರು, ಒಂದು ಬ್ಯಾಡಗಿ. ಬರೀ ಬ್ಯಾಡಗಿಯಲ್ಲಿ ಬಣ್ಣ ಬರುತ್ತದೆ, ಖಾರ ಸಾಲದು. ಮಳೆಗಾಲದಲ್ಲಿ ಮೆಣಸು ಮೆತ್ತಗಾಗಿರುತ್ತದೆ, ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿಕೊಂಡರೆ ಮುರಿಯಲು ಬರುತ್ತದೆ. ಬೂಷ್ಟು ಹಿಡಿದಿದ್ದರೆ ಎಸೆದುಬಿಡಿ.

ಎರಡು ಲೀಟರ್ ನೀರಿಗೆ ಮೂರು ಟೀ ಚಮಚ ಪುಡಿಉಪ್ಪು ಹಾಕಿ ಕುದಿಯಲು ಇಡಿ. ಇತ್ತ ತಣ್ಣಗಿನ ಬಾಣಲೆಗೆ ಮೂರು ದೊಡ್ಡ ಚಮಚ ಎಣ್ಣೆ, ತೆಳ್ಳಗೆ ಹೆಚ್ಚಿದ ಆರೆಂಟು ಎಸಳು ನಾಟಿ ಬೆಳ್ಳುಳ್ಳಿ ಹಾಕಿ, ಆಮೇಲೆ ಒಲೆ ಹಚ್ಚಿ. ಉರಿ ಸಣ್ಣದಿರಲಿ. ಬೆಳ್ಳುಳ್ಳಿಯ ಸುತ್ತ ಸಣ್ಣ ಗುಳ್ಳೆ ಎದ್ದು, ಅಂಚು ಹೊಂಬಣ್ಣಕ್ಕೆ ತಿರುಗುವ ಮೊದಲೇ ಮುರಿದ ಮೆಣಸು ಸೇರಿಸಿ. ಅರ್ಧ ನಿಮಿಷದಲ್ಲಿ ಎಣ್ಣೆಗೆ ನಸುಗೆಂಪು ಇಳಿಯುತ್ತದೆ. ಮೆಣಸಿನ ಖಾರ ಎಣ್ಣೆಯಲ್ಲಿ ಕರಗುತ್ತದೆ, ನೀರಿನಲ್ಲಿ ಹೆಚ್ಚೇನೂ ಕರಗುವುದಿಲ್ಲ. ಹಾಗಾಗಿ ಟೊಮೆಟೊ ಬಿದ್ದ ಮೇಲೆ ಮೆಣಸು ಹಾಕಿದರೆ ಖಾರ ಅಲ್ಲಲ್ಲಿ ಸಿಗುತ್ತದೆ, ಗೊಜ್ಜಿಗೆಲ್ಲ ಹರಡದು. ಮೂಗಿಗೆ ಘಾಟು ಹೊಡೆಯಿತೆಂದರೆ ಮೆಣಸು ಸೀದಿದೆ. ಆ ಕಹಿಯನ್ನು ಯಾವ ಸಕ್ಕರೆಯೂ ತೆಗೆಯದು. ಎಣ್ಣೆ ಚೆಲ್ಲಿ ಹೊಸದಾಗಿ ಶುರುಮಾಡುವುದೇ ಸರಿ.

ಟೊಮೆಟೊ ಸುರಿದು, ಕಾಲು ಚಮಚ ಉಪ್ಪು ಹಾಕಿ 12–15 ನಿಮಿಷ ಮಧ್ಯಮ ಉರಿಯಲ್ಲಿ ಕುದಿಸಿ. ಸೌಟು ಎಳೆದ ಗೆರೆ ಕ್ಷಣ ನಿಂತು ಮುಚ್ಚಿಕೊಂಡರೆ ಹದ ಬಂದಿದೆ. ನಾಟಿ ಹಣ್ಣಿನ ಹುಳಿ ಜಾಸ್ತಿಯಾದರೆ ಚಿಟಿಕೆ ಬೆಲ್ಲ.

ಪೆನ್ನೆಯನ್ನು ಪ್ಯಾಕೆಟ್ ಹೇಳುವ ಹೊತ್ತಿಗಿಂತ ಎರಡು ನಿಮಿಷ ಮೊದಲೇ ಬಸಿಯಿರಿ. ಕುದಿಯುವ ನೀರಿಗೆ ಎಣ್ಣೆ ಹಾಕಬೇಡಿ, ಬೆಂದದ್ದನ್ನು ತೊಳೆಯಲೂಬೇಡಿ, ಎರಡರಿಂದಲೂ ಗೊಜ್ಜು ಜಾರಿಹೋಗುತ್ತದೆ. ಬಸಿದ ನೀರು ಒಂದು ಲೋಟ ಎತ್ತಿಟ್ಟಿರಿ. ಪೆನ್ನೆಯನ್ನು ಗೊಜ್ಜಿಗೆ ಹಾಕಿ, ಆ ನೀರನ್ನು ಸ್ವಲ್ಪಸ್ವಲ್ಪವೇ ಚಿಮುಕಿಸುತ್ತ ಜೋರು ಉರಿಯಲ್ಲಿ ಎರಡು ನಿಮಿಷ ಮಗುಚಿ. ನೀರಿನ ಗಂಜಿ ಎಣ್ಣೆಯನ್ನೂ ಟೊಮೆಟೊವನ್ನೂ ಬೆಸೆದು ಹೊಳಪು ಕೊಡುತ್ತದೆ.

ಮೇಲೆ ಪಾರ್ಸ್ಲಿ ಸೊಪ್ಪು ಉದುರಿಸುವುದು ರೂಢಿ. ಸಿಗದಿದ್ದರೆ ಬಿಡಿ, ಕೊತ್ತಂಬರಿ ಹಾಕಿದರೆ ರುಚಿಯೇ ಬೇರೆಯಾಗುತ್ತದೆ. ಚೀಸ್ ಬೇಕೇ ಬೇಕೆಂದರೆ ಕುರಿಹಾಲಿನ ಪೆಕೊರಿನೊ, ಅಥವಾ ಪಾರ್ಮೆಸಾನ್ ಒಂದು ಚಮಚ ತುರಿದು, ಒಲೆ ಆರಿಸಿದ ಮೇಲೆ.