ಎಲುಬಿನ ಚೀಲ

ಇವತ್ತು ಅಂಕೋಲಾದಿಂದ ಕಾರವಾರಕ್ಕೆ ಬರುವ ಬಸ್ಸಿನಲ್ಲಿ ಪಕ್ಕದ ಸೀಟಿನ ಹುಡುಗಿಯ ಕಾಲ ಬಳಿ ಒಂದು ದಪ್ಪ ಚೀಲ. ಕಂಡಕ್ಟರ್ ಬಗ್ಗಿ ನೋಡಿ, 'ಏನದು, ಮೀನಾ?' ಅಂದರು. 'ಅಲ್ಲ, ಎಲುಬು' ಅಂದಳು. ಮೆಡಿಕಲ್ ಮೊದಲ ವರ್ಷವಂತೆ. ಜಿಪ್ ಸ್ವಲ್ಪ ತೆಗೆದು ತೋರಿಸಿದಳು. ತೊಡೆಯ ಮೂಳೆ, ಹಳದಿಗಟ್ಟಿದ್ದು, ಮೇಲೆಲ್ಲ ಪೆನ್ಸಿಲ್ ಗುರುತು. ಹಿಂದಿನ ಸೀಟಿನ ಅಜ್ಜಿ 'ಶಿವಶಿವಾ' ಅಂತ ಆಚೆ ಸರಿದರು.

ಅಜ್ಜಿಯನ್ನು ನೋಡಿ ನಗುವ ಹಾಗಿಲ್ಲ. 1835ರಲ್ಲಿ ಕಲ್ಕತ್ತಾ ಮೆಡಿಕಲ್ ಕಾಲೇಜು ಶುರುವಾದಾಗ ಹೆಣ ಮುಟ್ಟುವುದೇ ದೊಡ್ಡ ತಕರಾರು. ಮರುವರ್ಷ ಹೆಣ ಕೊಯ್ದು ಹೆಸರಾದ ಮಧುಸೂದನ ಗುಪ್ತ ಮೊದಲು ಆಯುರ್ವೇದ ಓದಿದವರು! ಪಕ್ಕದ ಗೋವಾದಲ್ಲಿ ಪೋರ್ಚುಗೀಸರು 1842ರಲ್ಲೇ ವೈದ್ಯಕೀಯ ಶಾಲೆ ತೆರೆದಿದ್ದರು. ಮಣಿಪಾಲದ್ದು 1953ರಲ್ಲಿ, ಹುಬ್ಬಳ್ಳಿಯದ್ದು 1957ರಲ್ಲಿ ಬಂತು. ನಮ್ಮ ಮನೆಯಲ್ಲಿ ದೊಡ್ಡ ಕಾಯಿಲೆ ಅಂದರೆ ಈ ಮೂರು ಊರಿನಲ್ಲಿ ಒಂದರ ಬಸ್ಸು ಹಿಡಿಯುವುದು ಅಂತಲೇ ಅರ್ಥ. ಈಗ ಕಾರವಾರದಲ್ಲೇ ಕಾಲೇಜಿದೆ, ಆದರೂ ಕೈ ಬ್ಯಾಗು ಪ್ಯಾಕ್ ಮಾಡೋಕೆ ಹೋಗುತ್ತೆ. ಅಭ್ಯಾಸ, ಅಲ್ವಾ?

ಬಿಣಗಾ ದಾಟುವಷ್ಟರಲ್ಲಿ ಅಜ್ಜಿ ಮುಂದಕ್ಕೆ ಬಾಗಿದ್ದರು. 'ತಂಗಿ, ಮೊಣಕಾಲಿನ ಎಲುಬೂ ಇದೆಯಾ ಅದರಲ್ಲಿ? ಸ್ವಲ್ಪ ತೋರಿಸು. ನನಗೆ ಮೆಟ್ಟಿಲು ಹತ್ತೋಕೇ ಆಗಲ್ಲ.'